ಮುಟ್ಟಿದ್ದೆಲ್ಲ ಚಿನ್ನ, ಕೊನೆಗೆ ಬೇಕಾಗಿದ್ದು ಒಂದು ಬರ್ಗರ್

ಇವತ್ತು ಒಂದು ಹಳೇ ಕಾರ್ಟೂನ್ ಬಗ್ಗೆ ಮಾತಾಡೋಣ. ಸುಮಾರು 10 ನಿಮಿಷದ್ದು, ಹೆಸರು ‘ದಿ ಗೋಲ್ಡನ್ ಟಚ್’. 1935ರ ಮಾರ್ಚ್‌ನಲ್ಲಿ ಬಿಡುಗಡೆಯಾಯ್ತು. ನಿರ್ದೇಶನ ಸ್ವತಃ ವಾಲ್ಟ್ ಡಿಸ್ನಿ ಅವರದ್ದು. ನೋಡೋಕೆ ತಮಾಷೆ, ಆದರೆ ಒಳಗಿರೋದು ದುಡ್ಡಿನ ಲೆಕ್ಕ.

ಮಿಡಾಸ್ ರಾಜನ ಕಥೆ ನಮ್ಮಲ್ಲಿ ತುಂಬಾ ಜನ ಸ್ಕೂಲಲ್ಲೇ ಕೇಳಿರ್ತೀವಿ. ಮುಟ್ಟಿದ್ದೆಲ್ಲ ಚಿನ್ನ ಆಗಲಿ ಅಂತ ವರ ಕೇಳ್ತಾನೆ. ಊಟವೂ ಚಿನ್ನ, ಕೊನೆಗೆ ಮಗಳೂ ಚಿನ್ನದ ಗೊಂಬೆ. ಆದರೆ ರೋಮನ್ ಕವಿ ಓವಿಡ್ ಹೇಳಿದ ಹಳೇ ಕಥೆಯಲ್ಲಿ ಈ ಮಗಳು ಇಲ್ಲವೇ ಇಲ್ಲ! ಅವಳನ್ನ ಮನೆಮಾತು ಮಾಡಿದ್ದು ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್, 1851ರಲ್ಲಿ ಬಂದ ಮಕ್ಕಳ ಪುಸ್ತಕದಲ್ಲಿ. ಓವಿಡ್ ಕಥೆಯಲ್ಲಿ ದೇವರೇ ಕರುಣೆ ತೋರಿಸ್ತಾನೆ. ಪಾಕ್ಟೋಲಸ್ ನದಿಯಲ್ಲಿ ಮಿಂದರೆ ಶಾಪ ತೊಳೆದುಹೋಗುತ್ತೆ. ಈಗಿನ ಟರ್ಕಿಯಲ್ಲಿರೋ ಆ ನದಿಯ ಮರಳಲ್ಲಿ ಚಿನ್ನ ಯಾಕೆ ಸಿಗ್ತಿತ್ತು ಅನ್ನೋದಕ್ಕೆ ಜನ ಕೊಟ್ಟುಕೊಂಡ ಕಾರಣ ಅದು.

ಡಿಸ್ನಿ ಆ ದೇವರನ್ನೂ ಬಿಟ್ಟರು, ನದಿಯನ್ನೂ ಬಿಟ್ಟರು. ಇಲ್ಲಿ ವರ ಕೊಡೋದು ಗೋಲ್ಡಿ ಅನ್ನೋ ಕುಳ್ಳ ಮಾಯಾವಿ. ಬೇಡ, ಇದು ಶಾಪ ಆಗುತ್ತೆ ಅಂತ ಅವನೇ ಎಚ್ಚರಿಸ್ತಾನೆ. ರಾಜ ಕೇಳಲ್ಲ. ತೋಟವೆಲ್ಲ ಚಿನ್ನ ಮಾಡ್ಕೊಂಡು ಕುಣಿದು ಬಂದು ಊಟಕ್ಕೆ ಕೂತರೆ, ತಟ್ಟೆಯಲ್ಲಿರೋದೂ ಚಿನ್ನ! ಹಸಿವು ತಡೀಲಾರದೆ ಗೋಲ್ಡಿಯನ್ನ ಕರೆದು, ಒಂದೇ ಒಂದು ಹ್ಯಾಂಬರ್ಗರ್ ಕೊಡು ಅಂತಾನೆ. ಪುರಾಣದ ರಾಜನಿಗೆ ಅಮೆರಿಕದ ಬೀದಿ ತಿಂಡಿ, ನಗು ಬರೋದು ಅಲ್ಲೇ. ಆದರೆ ಇಲ್ಲಿ ಕರುಣೆ ಇಲ್ಲ, ಚೌಕಾಶಿ ಇದೆ. ಅರಮನೆ, ಬಂಗಾರ, ಕಿರೀಟ ಎಲ್ಲ ಹೋಗುತ್ತೆ, ಮೈಮೇಲಿನ ರಾಜವೇಷವೂ ಹೋಗುತ್ತೆ. ಕೈಗೆ ಬರೋದು ಒಂದು ಬರ್ಗರ್. ರಾಜನಿಗೆ ಪರಮಾನಂದ.

ಕಾಮರ್ಸ್ ಓದಿದವರಿಗೆ ಇದು ‘ಸೀಮಾಂತ ತುಷ್ಟಿಗುಣ’ದ ಪಾಠ. ಒಂದು ವಸ್ತು ನಮ್ಮ ಹತ್ರ ಹೆಚ್ಚಾದಷ್ಟೂ, ಅದು ಇನ್ನೊಂದು ಸಿಕ್ಕಿದರೆ ಆಗೋ ಖುಷಿ ಕಡಿಮೆ. ಬೆಟ್ಟದಷ್ಟು ಚಿನ್ನ ಇರೋನಿಗೆ ಇನ್ನೊಂದು ಗಟ್ಟಿ ಲೆಕ್ಕಕ್ಕೇ ಬರಲ್ಲ, ಮೊದಲ ತುತ್ತು ಮಾತ್ರ ಪ್ರಾಣ ಉಳಿಸುತ್ತೆ. ಅದರ ಮೇಲೆ ಇನ್ನೊಂದು ಮಾತು: ಕಂಡದ್ದೆಲ್ಲ ಚಿನ್ನ ಆದರೆ ಚಿನ್ನಕ್ಕೆ ಬೆಲೆ ಎಲ್ಲಿಂದ ಬರುತ್ತೆ? ಅಪರೂಪ ಅನ್ನೋ ಕಾರಣಕ್ಕೇ ಅದು ದುಬಾರಿ. ಸುಮಾರು 2,300 ವರ್ಷದ ಹಿಂದೆಯೇ ಅರಿಸ್ಟಾಟಲ್ ಇದೇ ಮಿಡಾಸ್‌ನ ಉದಾಹರಣೆ ಕೊಟ್ಟು, ಕೈತುಂಬಾ ಇದ್ದರೂ ಉಪವಾಸ ಸಾಯಿಸೋದು ಎಂಥ ಸಂಪತ್ತು ಅಂತ ಕೇಳಿದ್ದ.

ಕಾರ್ಟೂನ್ ಬಂದ ಕಾಲ ನೋಡಿ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. 1933ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್, ಜನ ಇಟ್ಟುಕೊಂಡಿರೋ ಚಿನ್ನದ ನಾಣ್ಯ, ಗಟ್ಟಿಗಳನ್ನ ಬ್ಯಾಂಕಿಗೆ ಒಪ್ಪಿಸಬೇಕು ಅಂತ ಆದೇಶ ಹೊರಡಿಸಿದ್ದರು. ಕೊಟ್ಟವರಿಗೆ ಔನ್ಸಿಗೆ ಸಿಕ್ಕಿದ್ದು 20.67 ಡಾಲರ್. 1934ರ ಜನವರಿಯಲ್ಲಿ ಸರ್ಕಾರವೇ ಆ ದರವನ್ನ 35 ಡಾಲರ್‌ಗೆ ಏರಿಸಿತು. ಡಿಸ್ನಿ ಇದನ್ನೇ ಅಣಕಿಸಿದ್ರು ಅಂತ ನಾನು ಹೇಳ್ತಿಲ್ಲ. ಆದರೆ ಥಿಯೇಟರಲ್ಲಿ ಕೂತವರಿಗೆ ಚಿನ್ನವೂ ಹಸಿವೂ ಪುರಾಣದ ಮಾತಾಗಿರಲಿಲ್ಲ.

ಆದರೂ ಚಿತ್ರ ಗೆಲ್ಲಲಿಲ್ಲ. 1933ರ ‘ತ್ರೀ ಲಿಟಲ್ ಪಿಗ್ಸ್’ ಭರ್ಜರಿ ಹಿಟ್ ಆಗಿತ್ತು. ಅದರಲ್ಲಿ ದುಡಿದಿದ್ದ ಫ್ರೆಡ್ ಮೂರ್, ನಾರ್ಮ್ ಫರ್ಗುಸನ್ ಇಬ್ಬರನ್ನೂ ಡಿಸ್ನಿ ಇಲ್ಲಿಗೆ ಹಾಕಿಕೊಂಡಿದ್ದರು. ಸಮಸ್ಯೆ ಕಥೆಯಲ್ಲೇ ಇದೆ ಅಂತ ನನಗನ್ಸುತ್ತೆ. ಹಂದಿಮರಿಗಳು ಬದುಕಲಿ ಅಂತ ನಾವು ಹಾರೈಸ್ತೀವಿ, ಈ ದುರಾಸೆಯ ರಾಜ ಗೆಲ್ಲಲಿ ಅಂತ ಯಾರು ಹಾರೈಸ್ತಾರೆ? ಡಿಸ್ನಿ ಖುದ್ದಾಗಿ ನಿರ್ದೇಶಿಸಿದ ಕೊನೆಯ ಚಿತ್ರ ಇದೇ ಆಯ್ತು. ಮುಂದೆ ನಿರ್ದೇಶನ ಬೇರೆಯವರಿಗೆ ಬಿಟ್ಟು ನಿರ್ಮಾಪಕರಾಗಿ ಉಳಿದರು. 1937ರಲ್ಲಿ ‘ಸ್ನೋ ವೈಟ್’ ಬಂದಿದ್ದು ಹಾಗೆ.

ಚಿನ್ನ ಕೊಳ್ಳಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಆಪತ್ತಿಗೆ ಆಗೋದು ಅದೇ ಅಂತ ನಮ್ಮ ಮನೆಗಳಲ್ಲಿ ಹೇಳೋದೂ ಸುಳ್ಳಲ್ಲ. ಆದರೆ ಅದು ಆಪತ್ತಿಗೆ ಆಗೋದು, ಅದನ್ನ ತಗೊಂಡು ಅಕ್ಕಿ, ಔಷಧಿ, ಫೀಸು ಕೊಡೋರು ಎದುರಿಗೆ ಇದ್ದಾಗ. ಮುಂದಿನ ಸಲ ಉಳಿತಾಯದ ದುಡ್ಡನ್ನ ಎಲ್ಲಾದರೂ ಹಾಕುವಾಗ ದರ ಎಷ್ಟು ಏರುತ್ತೆ ಅಂತ ಮಾತ್ರ ನೋಡಬೇಡಿ. ನಾಳೆ ಬೆಳಿಗ್ಗೆ ಬೇಕು ಅಂದರೆ ಕೈಗೆ ಎಷ್ಟು ಬರುತ್ತೆ, ಅದನ್ನೂ ಕೇಳಿಕೊಳ್ಳಿ. ಸಿಗೋಣ ಮುಂದಿನ ವಾರ.