ಪಟ್ಟಿಯಲ್ಲಿ ಹೆಸರಿದ್ದರೆ ಬೀದಿಗೂ ಬದುಕು

2020ರ ಮಾರ್ಚ್ 25ರಂದು ಯುಗಾದಿ. ಮಾವಿನೆಲೆ, ಬೇವಿನ ಹೂವು, ಮಲ್ಲಿಗೆ ಮಾರುವವರಿಗೆ ಅದು ಕೈತುಂಬ ವ್ಯಾಪಾರವಾಗುವ ಹಬ್ಬ. ಆ ವರ್ಷ ಮಾತ್ರ ಹಬ್ಬದ ಹಿಂದಿನ ರಾತ್ರಿ ಎಂಟು ಗಂಟೆಗೆ ದೇಶದಾದ್ಯಂತ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಕೊರೊನಾ ಸೋಂಕನ್ನು ತಡೆಯಲು ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಮನೆಯಲ್ಲಿ ಕುಳಿತು ಕೆಲಸ ಮಾಡಬಲ್ಲವರು ಕುಳಿತರು. ಬೀದಿಯಲ್ಲೇ ಕೆಲಸ ಮಾಡುವವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಮಾತ್ರ ಯಾರಲ್ಲೂ ಸಿದ್ಧ ಉತ್ತರವಿರಲಿಲ್ಲ.

ತಳ್ಳುಗಾಡಿಯ ವ್ಯಾಪಾರಕ್ಕೂ ಅಂಗಡಿಯ ವ್ಯಾಪಾರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಂಗಡಿಯವನ ಬಂಡವಾಳ ಸರಕಿನ ರೂಪದಲ್ಲಿ ಕಪಾಟಿನಲ್ಲಿರುತ್ತದೆ. ತರಕಾರಿ, ಹೂವು, ಹಣ್ಣು ಮಾರುವವರ ಬಂಡವಾಳ ದಿನವೂ ತಿರುಗುತ್ತಿರಬೇಕು. ಇಂದಿನ ಮಾರಾಟದ ಹಣದಲ್ಲಿ ನಾಳೆಯ ಸರಕು ಬರಬೇಕು. ಎಷ್ಟೋ ಮಂದಿಗೆ ಆ ಹಣವೂ ಸ್ವಂತದ್ದಲ್ಲ. ಬೆಳಿಗ್ಗೆ ಒಂಬೈನೂರು ಕೈಗೆ ಪಡೆದು ಸಂಜೆ ಸಾವಿರ ಮರಳಿಸುವಂಥ ಮೀಟರ್ ಬಡ್ಡಿಯ ಸಾಲ. ಈ ಚಕ್ರ ಒಂದು ವಾರ ನಿಂತರೆ ಬಂಡವಾಳವೇ ಊಟಕ್ಕೆ ಖರ್ಚಾಗುತ್ತದೆ. ಮುಂದೆ ಬೀದಿ ತೆರೆದರೂ ಗಾಡಿ ತುಂಬಿಸಲು ಕಾಸಿರುವುದಿಲ್ಲ. ರೋಗ ಹೋದ ಮೇಲೂ ನಷ್ಟ ಉಳಿಯುವುದು ಹೀಗೆ.

ಇಂಥವರಿಗೆ ನೆರವು ಕೊಡಬೇಕೆಂದು ರಾಜಧಾನಿಯಲ್ಲಿ ಕುಳಿತವರು ಘೋಷಿಸಬಹುದು, ಹಣವನ್ನೂ ತೆಗೆದಿಡಬಹುದು. ಆದರೆ ಬಸ್ ನಿಲ್ದಾಣದ ಮೂಲೆಯಲ್ಲಿ ಕಡಲೆಕಾಯಿ ಹುರಿಯುವವರು ಯಾರು, ದೇವಸ್ಥಾನದ ಎದುರು ಹೂ ಕಟ್ಟುವವರು ಯಾರು ಎಂಬುದು ಅವರಿಗೆ ತಿಳಿಯುವುದು ಹೇಗೆ? ಅದು ತಿಳಿಯಬೇಕಾದದ್ದು ಆಯಾ ಊರಿನ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ. ಸಾಂಕ್ರಾಮಿಕದ ಆ ವರ್ಷಗಳಲ್ಲಿ ಸ್ಥಳೀಯ ಸಂಸ್ಥೆಯೊಂದರ ಬಲವನ್ನು ಅಳೆದದ್ದು ಅದರ ಖಜಾನೆಯಲ್ಲ, ಅದು ಇಟ್ಟುಕೊಂಡಿದ್ದ ಪಟ್ಟಿ.

ಈ ಮಾತಿಗೆ ಇಂಗ್ಲೆಂಡಿನ ಅನುಭವ ಒಳ್ಳೆಯ ನಿದರ್ಶನ. ಅದೇ ಮಾರ್ಚ್ ತಿಂಗಳಲ್ಲಿ ಅಲ್ಲಿನ ಸರ್ಕಾರ ಸಣ್ಣ ವ್ಯಾಪಾರಗಳಿಗೆ 10,000 ಪೌಂಡ್, ಅಂದರೆ ಆಗಿನ ದರದಲ್ಲಿ ಸುಮಾರು 9 ಲಕ್ಷ ರೂಪಾಯಿ, ನೆರವು ಪ್ರಕಟಿಸಿತು. ಸ್ವಲ್ಪ ದೊಡ್ಡ ಅಂಗಡಿ, ಹೋಟೆಲುಗಳಿಗೆ 25,000 ಪೌಂಡ್. ಇದು ಸಾಲವಲ್ಲ, ಸಹಾಯಧನ. ಹಂಚುವ ಕೆಲಸ ಬಿದ್ದದ್ದು ಸ್ಥಳೀಯ ಕೌನ್ಸಿಲ್‌ಗಳ ಹೆಗಲಿಗೆ. ವ್ಯಾಪಾರದ ಕಟ್ಟಡಗಳ ಮೇಲೆ ತೆರಿಗೆ ವಸೂಲಿ ಮಾಡುತ್ತಿದ್ದವರು ಅವರೇ. ಯಾವ ಬೀದಿಯಲ್ಲಿ ಯಾವ ಅಂಗಡಿ, ಅದರ ತೆರಿಗೆ ಮೌಲ್ಯ ಎಷ್ಟು ಎಂಬ ಲೆಕ್ಕ ಅವರ ಬಳಿ ಸಿದ್ಧವಾಗಿತ್ತು. ನಿನ್ನೆಯವರೆಗೆ ಹಣ ತರಿಸಿಕೊಳ್ಳಲು ಬಳಸಿದ ಪಟ್ಟಿಯನ್ನೇ ಹಣ ಕಳುಹಿಸಲು ಬಳಸಲಾಯಿತು. ಸಾಂಕ್ರಾಮಿಕದ ಅವಧಿಯ ವಿವಿಧ ಯೋಜನೆಗಳಲ್ಲಿ 314 ಕೌನ್ಸಿಲ್‌ಗಳ ಮೂಲಕ ಹೀಗೆ ಹೋದ ಮೊತ್ತ 22.6 ಶತಕೋಟಿ ಪೌಂಡ್.

ಆ ಪಟ್ಟಿಯ ಹಿಂದೊಂದು ಸ್ವಾರಸ್ಯಕರ ಚರಿತ್ರೆಯಿದೆ. ಒಂದನೆಯ ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾಯಿದೆ ಪ್ರತಿ ಪ್ಯಾರಿಷ್‌ನಲ್ಲೂ, ಅಂದರೆ ಪ್ರತಿ ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನಲ್ಲೂ, ಆಸ್ತಿ ಅನುಭವಿಸುವವರಿಂದ ತೆರಿಗೆ ಎತ್ತಿ ನಿರ್ಗತಿಕರನ್ನು ಪೋಷಿಸಬೇಕೆಂದು ವಿಧಿಸಿತು. ಇಂದಿನ ಸ್ಥಳೀಯ ತೆರಿಗೆಯ ಬೇರು ಇರುವುದು ಅಲ್ಲಿ. ಕಷ್ಟದಲ್ಲಿರುವವರಿಗೆಂದೇ ಹುಟ್ಟಿದ ಲೆಕ್ಕದ ಪುಸ್ತಕ, ನಾನೂರು ವರ್ಷಗಳ ತರುವಾಯ ಮತ್ತೆ ಅದೇ ಕೆಲಸಕ್ಕೆ ಬಂತು.

ಹಾಗೆಂದು ಅಲ್ಲಿಯೂ ಎಲ್ಲರಿಗೂ ನೆರವು ದಕ್ಕಲಿಲ್ಲ. ಮಾರುಕಟ್ಟೆಯಲ್ಲಿ ಕಟ್ಟೆ ಬಾಡಿಗೆಗೆ ಹಿಡಿದವರ ಹೆಸರು, ಒಂದೇ ಕಟ್ಟಡವನ್ನು ಹಂಚಿಕೊಂಡ ಸಣ್ಣ ಉದ್ಯಮಿಗಳ ಹೆಸರು ತೆರಿಗೆ ಪಟ್ಟಿಯಲ್ಲಿರಲಿಲ್ಲ. ಅವರು ಹೊರಗುಳಿದದ್ದು ಕಂಡ ಮೇಲೆ 2020ರ ಮೇ ತಿಂಗಳಲ್ಲಿ ಕೌನ್ಸಿಲ್‌ಗಳಿಗೆ ತಮ್ಮ ವಿವೇಚನೆಯಂತೆ ಹಂಚಲು ಬೇರೆ ನಿಧಿಯನ್ನು ಒದಗಿಸಬೇಕಾಯಿತು. ಇತ್ತ ಅವಸರದಲ್ಲಿ ಅನರ್ಹರಿಗೂ ಹಣ ಹೋಯಿತು. ತಪ್ಪು ಮತ್ತು ವಂಚನೆಯಿಂದ ಆದ ನಷ್ಟ ಸುಮಾರು 1.1 ಶತಕೋಟಿ ಪೌಂಡ್ ಎಂದು ಅಲ್ಲಿನ ಸರ್ಕಾರವೇ ಆಮೇಲೆ ಅಂದಾಜು ಮಾಡಿತು.

ಭಾರತದ ಬೀದಿಗಳಿಗೆ ಅಂಥ ಪುಸ್ತಕವೇ ಇರಲಿಲ್ಲ. ವ್ಯಾಪಾರಿಗೂ ಊರಿಗೂ ಇರುವ ನಂಟೇನೋ ಹಳೆಯದು. ಕನ್ನಡ ನಾಡಿನ ಶಾಸನಗಳಲ್ಲಿ ಸಂತೆಗಳ, ಹೇರುಗಳ ಲೆಕ್ಕದ ಸುಂಕದ ಉಲ್ಲೇಖಗಳು ಹೇರಳವಾಗಿವೆ. ಪಟ್ಟಣದ ವರ್ತಕರ ಮುಖಂಡನಿಗೆ ಪಟ್ಟಣಸ್ವಾಮಿ ಎಂಬ ಹೆಸರಿತ್ತು. ಆದರೆ ನೆಲದ ಮೇಲೆ ಬುಟ್ಟಿ ಇಟ್ಟು ಕೂತವರ ಹೆಸರನ್ನು ಬರೆದಿಟ್ಟುಕೊಳ್ಳುವ ರೂಢಿ ಬೆಳೆಯಲಿಲ್ಲ. ಸಂತೆಯ ಸುಂಕ, ನೆಲಬಾಡಿಗೆ ಎತ್ತುವ ಹಕ್ಕನ್ನು ಪುರಸಭೆಗಳು ಹರಾಜು ಹಾಕುವುದುಂಟು. ಹರಾಜು ಹಿಡಿದ ಗುತ್ತಿಗೆದಾರ ದಿನವೂ ಹಣ ಪಡೆದು ಚೀಟಿ ಹರಿದು ಕೊಡುತ್ತಾನೆ. ಚೀಟಿಯಲ್ಲಿ ಮೊತ್ತವಿರುತ್ತದೆ, ಕೊಟ್ಟವರ ಹೆಸರಿರುವುದಿಲ್ಲ. ಹೀಗೆ ವರ್ಷಗಟ್ಟಲೆ ಸುಂಕ ಕೊಟ್ಟರೂ ಬೀದಿ ವ್ಯಾಪಾರಿ ಕಡತದಲ್ಲಿ ಇಲ್ಲದವನಾಗಿಯೇ ಉಳಿದ. ನಗರಸಭೆಯ ಕಣ್ಣಿಗೆ ಅವನು ಬೀಳುತ್ತಿದ್ದದ್ದು ತೆರವು ಕಾರ್ಯಾಚರಣೆಯ ಲಾರಿ ಬಂದಾಗ.

ಈ ಸ್ಥಿತಿ ಬದಲಾದದ್ದು ನ್ಯಾಯಾಲಯದ ಮೆಟ್ಟಿಲಿನಿಂದ. ರಸ್ತೆಬದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನ ಕೊಟ್ಟಿರುವ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ಅದಕ್ಕೆ ಸಮಂಜಸವಾದ ನಿರ್ಬಂಧ ಹಾಕಬಹುದು ಎಂದು ಸುಪ್ರೀಂ ಕೋರ್ಟು 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಸಂಸತ್ತು ಕಾಯಿದೆ ಮಾಡಲು ಮತ್ತೆ ಕಾಲು ಶತಮಾನ ಹಿಡಿಯಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಎಲ್ಲ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಬೇಗ ಕೆಡುವ ಸರಕನ್ನು ವಶಪಡಿಸಿಕೊಂಡರೆ, ಮಾಲೀಕರು ಕೇಳಿದ ದಿನವೇ ಹಿಂದಿರುಗಿಸಬೇಕು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಆದರೆ ಅನೇಕ ಊರುಗಳಲ್ಲಿ ಸಮೀಕ್ಷೆ ಅರೆಬರೆಯಾಗಿತ್ತು, ಗುರುತಿನ ಚೀಟಿ ಎಲ್ಲರ ಕೈ ಸೇರಿರಲಿಲ್ಲ. ಮಹಾಮಾರಿ ಬಂದದ್ದು ಅಷ್ಟರಲ್ಲಿ.

2020ರ ಜೂನ್ 1ರಂದು ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯನ್ನು ಆರಂಭಿಸಿತು. ಒತ್ತೆಯಿಲ್ಲದೆ 10,000 ರೂಪಾಯಿವರೆಗೆ ಸಾಲ, ಒಂದು ವರ್ಷದಲ್ಲಿ ಕಂತುಗಳಲ್ಲಿ ಮರುಪಾವತಿ, ಸಕಾಲದಲ್ಲಿ ತೀರಿಸಿದವರಿಗೆ ಬಡ್ಡಿಯಲ್ಲಿ ಶೇಕಡಾ 7ರಷ್ಟು ಸಹಾಯಧನ. ಮಾರ್ಚ್ 24ಕ್ಕೆ ಮೊದಲೇ ನಗರಗಳಲ್ಲಿ ವ್ಯಾಪಾರ ಮಾಡುತ್ತಿದ್ದವರು ಅರ್ಹರು. ಆದರೆ ಅದನ್ನು ಹೇಳುವವರು ಯಾರು? ಪ್ರಮಾಣಪತ್ರ ಇದ್ದವರಿಗೆ ತೊಂದರೆಯಿರಲಿಲ್ಲ. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆ, ಸುತ್ತಲ ಹಳ್ಳಿಗಳಿಂದ ಸೊಪ್ಪು ತಂದು ಪೇಟೆಯಲ್ಲಿ ಮಾರುವವರಿಗೆ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಸಾಕು ಎಂದು ನಿಯಮ ಮಾಡಲಾಯಿತು. ಬೇರೆ ದಾಖಲೆ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೂ ನಡೆಯುತ್ತಿತ್ತು. ಸ್ಥಳೀಯ ವಿಚಾರಣೆ ನಡೆಸಿ ಅಧಿಕಾರಿಗಳು ಪತ್ರ ಕೊಡಬೇಕು. ತಕ್ಕಡಿ ಕಿತ್ತುಕೊಳ್ಳುತ್ತಿದ್ದ ಕಚೇರಿಯೇ, ಇವರು ನಮ್ಮ ಊರಿನ ವ್ಯಾಪಾರಿ, ಸಾಲ ಕೊಡಿ ಎಂದು ಬ್ಯಾಂಕಿಗೆ ಬರೆಯುವ ಕಾಲ ಬಂತು.

ಆ ಕಾಗದದ ಬೆಲೆ ಸಾಲಕ್ಕೇ ಮುಗಿಯಲಿಲ್ಲ. ಎರಡನೆಯ ಅಲೆ ಅಪ್ಪಳಿಸಿದಾಗ, 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ 1,250 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿತು. ಅದರಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ತಲಾ 2,000 ರೂಪಾಯಿ. ಅದು ಸಲ್ಲುವುದು ಸ್ವನಿಧಿಯಲ್ಲಿ ನೋಂದಾಯಿಸಿಕೊಂಡ ಸುಮಾರು 2.20 ಲಕ್ಷ ಮಂದಿಗೆ ಎಂದು ಲೆಕ್ಕ ಹಾಕಲಾಗಿತ್ತು. ಸಾಲಕ್ಕೆಂದು ತಯಾರಾದ ಪಟ್ಟಿ ಒಂದೇ ವರ್ಷದಲ್ಲಿ ಪರಿಹಾರದ ಪಟ್ಟಿಯಾಯಿತು. ಹಿಂದಿನ ವರ್ಷ ಶಿಫಾರಸು ಪತ್ರಕ್ಕಾಗಿ ಅಲೆದಾಡಿದ್ದವರಿಗೆ ಅಲೆದಾಟ ಸಾರ್ಥಕವೆನಿಸಿರಬೇಕು. ಅಲೆಯಲು ಆಗದವರಿಗೆ, ವಿಷಯವೇ ತಿಳಿಯದವರಿಗೆ, ಎರಡು ಬಾರಿಯೂ ಬಾಗಿಲು ಮುಚ್ಚಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಇಂಗ್ಲೆಂಡಿನ ಅಂಗಡಿಯವರಿಗೆ ಸಿಕ್ಕಿದ್ದು ಹಿಂತಿರುಗಿಸಬೇಕಿಲ್ಲದ ಹಣ; ನಮ್ಮ ಬೀದಿ ವ್ಯಾಪಾರಿಗೆ ಮುಖ್ಯವಾಗಿ ಸಿಕ್ಕಿದ್ದು ಸಾಲ. ಗಿರಾಕಿಗಳೇ ಇಲ್ಲದ ಬೀದಿಯಲ್ಲಿ ಸಾಲವೂ ಹೊರೆಯೇ. ಆದರೂ ಮೀಟರ್ ಬಡ್ಡಿಯ ಹಿಡಿತದಿಂದ ಒಂದಷ್ಟು ದಿನವಾದರೂ ಬಿಡಿಸಿಕೊಳ್ಳಲು, ಬ್ಯಾಂಕಿನೊಳಗೆ ಮೊದಲ ಸಲ ಕಾಲಿಡಲು ಅದು ದಾರಿ ಮಾಡಿಕೊಟ್ಟಿತು. 2025ರ ಜುಲೈ ಕೊನೆಯ ವೇಳೆಗೆ 68 ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳಿಗೆ 13,797 ಕೋಟಿ ರೂಪಾಯಿ ಸಾಲ ಸಂದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಸಾಲ ನೀಡಿಕೆಯ ಅವಧಿಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಸಾಲದ ಮಿತಿಯನ್ನು 15,000 ರೂಪಾಯಿಗೆ ಏರಿಸಿತು. ತುರ್ತಿನ ಯೋಜನೆ ಕಾಯಂ ವ್ಯವಸ್ಥೆಯತ್ತ ಹೊರಳಿದ ಸೂಚನೆಯಿದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಸಮೀಕ್ಷೆ, ನೋಂದಣಿ, ಗುರುತಿನ ಚೀಟಿ ಇವೆಲ್ಲ ನೆಮ್ಮದಿಯ ದಿನಗಳಲ್ಲಿ ಬೇಸರದ ಕೆಲಸಗಳು. ಅವುಗಳಿಗೆ ಉದ್ಘಾಟನೆಯ ಸಡಗರವಿಲ್ಲ, ಓಟೂ ಬರುವುದಿಲ್ಲ. ಆದರೆ ಇನ್ನೊಂದು ಕೆಟ್ಟ ಕಾಲ ಬಂದಾಗ ಹಬ್ಬದ ಮುನ್ನಾದಿನ ಮಾವಿನೆಲೆಯ ಹೊರೆಯೊಂದಿಗೆ ಪೇಟೆಗೆ ಬಂದ ಹೆಂಗಸಿಗೆ ನೆರವು ತಲುಪುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ದಿನದ ಘೋಷಣೆಯಲ್ಲ. ಅದಕ್ಕೆ ಎಷ್ಟೋ ಮೊದಲು, ಯಾರೋ ಒಬ್ಬ ಗುಮಾಸ್ತ ಬಿಸಿಲಲ್ಲಿ ಬೀದಿ ಸುತ್ತಿ ಅವಳ ಹೆಸರು ಕೇಳಿ ಬರೆದುಕೊಂಡಿದ್ದನೇ ಎಂಬುದು.