ವಿದ್ಯಾರ್ಥಿಗಳೇ ನಡೆಸುವ ವೆಂಚರ್ ಫಂಡ್: ಹಣ ಯಾರದ್ದು, ನಿರ್ಧಾರ ಯಾರದ್ದು, ಲಾಭ ಯಾರಿಗೆ?

ಸ್ಟಾರ್ಟಪ್‌ಗೆ ಬಂಡವಾಳ ಕೇಳಲು ಹೋದ ಉದ್ಯಮಿಯನ್ನು ಪ್ರಶ್ನಿಸುವವರು ಸಾಮಾನ್ಯವಾಗಿ ಹತ್ತಾರು ವರ್ಷ ಅನುಭವವಿರುವ ಹೂಡಿಕೆದಾರರು. ಆದರೆ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಆ ಕುರ್ಚಿಯಲ್ಲಿ ಕೂರುವುದು ವಿದ್ಯಾರ್ಥಿಗಳು. ಇದು ತರಗತಿಯ ಅಣಕು ಪಾಠವಲ್ಲ. ಕೊಡುವುದು ನಿಜವಾದ ಹಣ, ಕಂಪನಿ ಮುಚ್ಚಿದರೆ ಆ ಹಣವೂ ಹೋಗುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ? ಭಾರತದಲ್ಲಿ ಇದಕ್ಕೆ ಅವಕಾಶ ಇದೆಯೇ? ಇಲ್ಲಿದೆ ವಿವರ.

ಮಿಷಿಗನ್‌ನಲ್ಲಿ ಶುರುವಾದದ್ದು

ಮಿಷಿಗನ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ನಲ್ಲಿ 1997ರಲ್ಲಿ 'ವುಲ್ವರೀನ್ ವೆಂಚರ್ ಫಂಡ್' ಆರಂಭವಾಯಿತು. ವಿದ್ಯಾರ್ಥಿಗಳೇ ಮುನ್ನಡೆಸುವ ಇಂಥ ನಿಧಿಗಳಲ್ಲಿ ಇದು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಹಣ ಬಂದದ್ದು ದಾನಿಗಳಿಂದ. ಲಾಭ ಬಂದರೆ ಅದು ವಿದ್ಯಾರ್ಥಿಗಳ ಜೇಬಿಗೆ ಹೋಗುವುದಿಲ್ಲ, ಮುಂದಿನ ಹೂಡಿಕೆಗಾಗಿ ಮತ್ತೆ ಫಂಡ್‌ಗೇ ಸೇರುತ್ತದೆ.

ಕಂಪನಿಗಳನ್ನು ಹುಡುಕುವುದು, ಅವುಗಳ ಜಾತಕ ಜಾಲಾಡುವುದು, ಹೂಡಬೇಕೇ ಬೇಡವೇ ಎಂದು ಕಾರಣ ಸಮೇತ ವರದಿ ಬರೆಯುವುದು ಎಂಬಿಎ ವಿದ್ಯಾರ್ಥಿಗಳ ಕೆಲಸ. ಪೇಟೆಂಟ್ ನಿಜಕ್ಕೂ ಕಂಪನಿಯ ಹೆಸರಿನಲ್ಲಿದೆಯೇ, ಷೇರುಗಳು ಯಾರ ಯಾರ ಕೈಯಲ್ಲಿವೆ, ಗ್ರಾಹಕ ದುಡ್ಡು ಕೊಟ್ಟು ಕೊಳ್ಳುತ್ತಾನೆಯೇ ಎಂಬುದನ್ನೆಲ್ಲ ಅವರೇ ಪರಿಶೀಲಿಸಬೇಕು. ಬೆನ್ನಿಗೆ ಅಧ್ಯಾಪಕರು ಮತ್ತು ಅನುಭವಿಗಳ ಸಲಹಾ ಮಂಡಳಿ ಇರುತ್ತದೆ.

ಈ ಫಂಡ್‌ಗೆ ಮೊದಲ ದೊಡ್ಡ ಗೆಲುವು ತಂದದ್ದು 'ಇಂಟ್ರಾಲೇಸ್'. ಲೇಸಿಕ್ ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಬ್ಲೇಡ್ ಬದಲು ಲೇಸರ್ ಬಳಸುವ ತಂತ್ರಜ್ಞಾನ ರೂಪಿಸಿದ ಕಂಪನಿ ಇದು. 2004ರಲ್ಲಿ ಇದು ಷೇರುಪೇಟೆ ಪ್ರವೇಶಿಸಿದಾಗ ವಿದ್ಯಾರ್ಥಿಗಳ ಫಂಡ್‌ಗೆ ಸುಮಾರು 10 ಲಕ್ಷ ಡಾಲರ್ ಬಂತು.

ಫಂಡ್ ಹೂಡಿಕೆ ಮಾಡಿದ್ದ ಇನ್ನೊಂದು ಕಂಪನಿ 'ಹ್ಯಾಂಡಿಲ್ಯಾಬ್'. ಅದೇ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಸುಂದರೇಶ್ ಬ್ರಹ್ಮಸಂದ್ರ ಮತ್ತು ಕಲ್ಯಾಣ್ ಹ್ಯಾಂಡಿಕ್ 2000ದಲ್ಲಿ ಇದನ್ನು ಕಟ್ಟಿದರು. ರೋಗಪತ್ತೆಯ ಡಿಎನ್ಎ ಪರೀಕ್ಷೆಯನ್ನು ಪುಟ್ಟ ಸಾಧನದಲ್ಲಿ ಮಾಡುವುದು ಇದರ ತಂತ್ರಜ್ಞಾನ. ಬೆಕ್ಟನ್ ಡಿಕಿನ್ಸನ್ ಕಂಪನಿ 2009ರಲ್ಲಿ ಇದನ್ನು ಖರೀದಿಸಿತು.

ಇಲ್ಲಿ ವರ್ಷಗಳ ಲೆಕ್ಕ ನೋಡಿ. ಕಂಪನಿ ಹುಟ್ಟಿ ಮಾರಾಟವಾಗಲು ಸುಮಾರು 9 ವರ್ಷ ಹಿಡಿಯಿತು. ಎಂಬಿಎ ಕೋರ್ಸ್ 2 ವರ್ಷದ್ದು. ಅಂದರೆ 'ಹೌದು' ಎಂದ ವಿದ್ಯಾರ್ಥಿ ಫಲಿತಾಂಶ ಬರುವ ವೇಳೆಗೆ ಕ್ಯಾಂಪಸ್‌ನಲ್ಲಿ ಇರುವುದಿಲ್ಲ. ಹಾಗಾಗಿ ಪ್ರತಿ ನಿರ್ಧಾರದ ಕಾರಣವನ್ನು ಬರೆದಿಡುವುದು ಈ ಫಂಡ್‌ಗಳಲ್ಲಿ ಬಹಳ ಮುಖ್ಯ. ಮುಂದಿನ ಬ್ಯಾಚ್‌ಗೆ ಅದೇ ಆಧಾರ.

ಇನ್ನೊಂದು ಮಾದರಿ

ಫಸ್ಟ್ ರೌಂಡ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ 2012ರಲ್ಲಿ ಫಿಲಡೆಲ್ಫಿಯಾದಲ್ಲಿ 5 ಲಕ್ಷ ಡಾಲರ್ ಇಟ್ಟು 'ಡಾರ್ಮ್ ರೂಮ್ ಫಂಡ್' ಆರಂಭಿಸಿತು. ಆರಂಭದಲ್ಲಿ ಹಣ ಹೂಡಿಕೆ ಸಂಸ್ಥೆಯದ್ದು, ಆಯ್ಕೆ ವಿದ್ಯಾರ್ಥಿಗಳದ್ದು. ಆಗ ಒಂದೊಂದು ಕಂಪನಿಗೆ ಸುಮಾರು 20,000 ಡಾಲರ್ ಕೊಡಲಾಗುತ್ತಿತ್ತು. ಹಣ ಪಡೆಯುವವರೂ ವಿದ್ಯಾರ್ಥಿ ಉದ್ಯಮಿಗಳೇ. ಹಾಸ್ಟೆಲ್ ಕೋಣೆಯಲ್ಲಿ ಯಾರು ಏನು ಕಟ್ಟುತ್ತಿದ್ದಾರೆ ಎಂಬುದು ಹೊರಗಿನವರಿಗಿಂತ ಪಕ್ಕದ ಕೋಣೆಯವರಿಗೆ ಬೇಗ ಗೊತ್ತಾಗುತ್ತದೆ ಎಂಬುದೇ ಇದರ ಹಿಂದಿನ ಲೆಕ್ಕಾಚಾರ.

ಅಪಾಯ ಇರುವುದೂ ಅಲ್ಲೇ. ರೂಮ್‌ಮೇಟ್‌ನ ಕಂಪನಿ ಬಂದರೆ ನಿಷ್ಪಕ್ಷಪಾತವಾಗಿ ನಿರ್ಧರಿಸುವುದು ಹೇಗೆ? ಇವತ್ತು ನನ್ನ ಯೋಜನೆ ಕೇಳಿಸಿಕೊಂಡವನು ನಾಳೆ ಅದೇ ವ್ಯವಹಾರ ಶುರು ಮಾಡಿದರೆ? ಆಪ್ತರ ಕಂಪನಿ ಬಂದಾಗ ಸಭೆಯಿಂದ ಹೊರಗುಳಿಯುವ ಮತ್ತು ಗೋಪ್ಯತೆ ಕಾಪಾಡುವ ನಿಯಮ ಮೊದಲೇ ಲಿಖಿತವಾಗಿರಬೇಕು.

ಲಾಭ ಬರುವುದು ಹೇಗೆ?

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಫಂಡ್ ಒಂದು 10 ಕಂಪನಿಗಳಿಗೆ ತಲಾ 10 ಲಕ್ಷ ರೂಪಾಯಿ ಕೊಟ್ಟಿತು ಎನ್ನಿ. 6 ಕಂಪನಿಗಳು ಮುಚ್ಚಿದವು. 3 ಕಂಪನಿಗಳಿಂದ ಹಾಕಿದಷ್ಟೇ ಹಣ ವಾಪಸ್ ಬಂತು, ಅಂದರೆ 30 ಲಕ್ಷ. ಉಳಿದ ಒಂದು 10 ಪಟ್ಟು ಬೆಳೆದು 1 ಕೋಟಿ ಕೊಟ್ಟಿತು. 1 ಕೋಟಿ ಹಾಕಿದ್ದಕ್ಕೆ ಬಂದದ್ದು 1.3 ಕೋಟಿ. ಆ ಒಂದು ಕಂಪನಿ ಕೈತಪ್ಪಿದ್ದರೆ 70 ಲಕ್ಷ ನಷ್ಟ. ಹಣ ಕಳೆದುಕೊಂಡರೂ ತಡೆದುಕೊಳ್ಳಬಲ್ಲ ದಾನಿಗಳು ಅಥವಾ ಸಂಸ್ಥೆಗಳೇ ಇಂಥ ಫಂಡ್‌ಗೆ ಬೇಕು ಎನ್ನುವುದು ಇದಕ್ಕೇ.

ಭಾರತದಲ್ಲಿ ಏನಿದೆ?

ಸ್ನೇಹಿತರೆಲ್ಲ ಪಾಕೆಟ್ ಮನಿ ಸೇರಿಸಿ ವೆಂಚರ್ ಫಂಡ್ ಮಾಡುವುದು ನಮ್ಮಲ್ಲಿ ಸಾಧ್ಯವಿಲ್ಲ. ವೆಂಚರ್ ಕ್ಯಾಪಿಟಲ್ ಫಂಡ್‌ಗಳು ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳಡಿ ನೋಂದಣಿಯಾಗಬೇಕು. ಸಾಮಾನ್ಯವಾಗಿ ಒಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ರೂ. ತೊಡಗಿಸಬೇಕು, ಯೋಜನೆಯ ಗಾತ್ರ ಕನಿಷ್ಠ 20 ಕೋಟಿ ರೂ. ಇರಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರದ ದಾರಿ ಕ್ಯಾಂಪಸ್ ಇನ್‌ಕ್ಯುಬೇಟರ್‌ಗಳು. ಬೆಂಗಳೂರು ಐಐಎಂನ ಎನ್ಎಸ್ಆರ್‌ಸಿಇಎಲ್, ಮುಂಬೈ ಐಐಟಿಯ ಸೈನ್, ಮದ್ರಾಸ್ ಐಐಟಿಯ ಇನ್‌ಕ್ಯುಬೇಶನ್ ಸೆಲ್ ಇದಕ್ಕೆ ಉದಾಹರಣೆ. ಕೇಂದ್ರ ಸರ್ಕಾರ 2021ರಲ್ಲಿ 945 ಕೋಟಿ ರೂ. ಮೊತ್ತದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ ತಂದಾಗಲೂ ಹಣ ಹಂಚುವ ಹೊಣೆಯನ್ನು ಇನ್‌ಕ್ಯುಬೇಟರ್‌ಗಳಿಗೇ ಕೊಟ್ಟಿತು. ಕಲ್ಪನೆ ಸಾಬೀತುಪಡಿಸುವ ಹಂತಕ್ಕೆ 20 ಲಕ್ಷ ರೂ.ವರೆಗೆ ಅನುದಾನ ಈ ಯೋಜನೆಯಲ್ಲಿತ್ತು. ಅನುದಾನಕ್ಕೆ ಬದಲಾಗಿ ಕಂಪನಿಯ ಪಾಲು ಬಿಟ್ಟುಕೊಡಬೇಕಿರಲಿಲ್ಲ.

ಹಣ ಪಡೆಯುವ ಮುನ್ನ ಕೇಳಿ

ಪಾಲಿನ ಮಾತು ಯಾಕೆ ಮುಖ್ಯ? 20 ಲಕ್ಷಕ್ಕೆ ಶೇ 20 ಪಾಲು ಕೊಟ್ಟು, ಮುಂದಿನ ಸುತ್ತಿನಲ್ಲೂ ಶೇ 20 ಕೊಟ್ಟರೆ ಸ್ಥಾಪಕರಲ್ಲಿ ಉಳಿಯುವುದು ಶೇ 64. ಇಬ್ಬರು ಸ್ಥಾಪಕರಿದ್ದರೆ ತಲಾ ಶೇ 32. ಡಿಗ್ರಿ ಮುಗಿಯುವ ಮುಂಚೆಯೇ ಇಷ್ಟು ಕೈಬಿಟ್ಟಿರುತ್ತದೆ.

ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಓದುತ್ತಿರುವ ನಿಮ್ಮ ಮಗ ಅಥವಾ ಮಗಳಿಗೆ ಕ್ಯಾಂಪಸ್ ಫಂಡ್‌ನಿಂದ ಹಣದ ಆಹ್ವಾನ ಬಂದರೆ ಈ ನಾಲ್ಕು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಲು ಹೇಳಿ:

* ಹಣ ಯಾರದ್ದು, ಅದಕ್ಕೆ ಎಷ್ಟು ಪಾಲು ಕೊಡಬೇಕು?
* ಕೊನೆಯ ಒಪ್ಪಿಗೆ ವಿದ್ಯಾರ್ಥಿಗಳದ್ದೋ, ಅವರ ಮೇಲಿನ ಮಂಡಳಿಯದ್ದೋ?
* ನಮ್ಮ ಯೋಜನೆಯ ವಿವರ ಯಾರ ಯಾರ ಕೈಗೆ ಹೋಗುತ್ತದೆ?
* ಈಗ ಮಾತಾಡುತ್ತಿರುವ ವಿದ್ಯಾರ್ಥಿ ಕೋರ್ಸ್ ಮುಗಿಸಿ ಹೋದ ಮೇಲೆ ನಾವು ಯಾರನ್ನು ಸಂಪರ್ಕಿಸಬೇಕು?

ಕೊನೆಯ ಪ್ರಶ್ನೆಯನ್ನು ಕೇಳಲು ಹೆಚ್ಚಿನವರು ಮರೆಯುತ್ತಾರೆ. ಹೂಡಿಕೆಯ ಸಂಬಂಧ ಹತ್ತು ವರ್ಷದ್ದಾಗಬಹುದು, ಕಾಲೇಜಿನ ಐಡಿ ಕಾರ್ಡ್‌ನ ಅವಧಿ ಎರಡೇ ವರ್ಷ.