ಚಿಲ್ಲರೆ ಕಾಸಿನಲ್ಲಿ ಸ್ವಾಭಿಮಾನ

ಸದಾಶಿವನಗರದ ಟೀ ಅಂಗಡೀಲಿ ಈಗ ಚಿಲ್ಲರೆ ಕೇಳೋರೇ ಇಲ್ಲ, ಎಲ್ಲಾ ಸ್ಕ್ಯಾನ್. ಆದ್ರೆ ಒಂದು ಊರಿನ ಗುರುತು ಅದರ ಚಿಲ್ಲರೆ ಕಾಸಿನಲ್ಲೇ ಉಳಿದಿದ್ದ ಕಾಲ ಒಂದಿತ್ತು.

1891ರಲ್ಲಿ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಬೆಳ್ಳಿಗೆ ಎಲ್ಲಿ ಹೋದರೂ ಬೆಲೆ, ಹಾಗಾಗಿ ಅದು ಸಮುದ್ರ ದಾಟಿ ಬಂತು. ಕಂಚಿನ ಕಾಸಿನ ಕಥೆ ಬೇರೆ. ಅದರ ತೂಕ ಜಾಸ್ತಿ, ಬೆಲೆ ಕಡಿಮೆ, ಊರಾಚೆ ಯಾರೂ ತಗೊಳಲ್ಲ. ಅದಕ್ಕೇ ರೋಮ್ ಚಿನ್ನ-ಬೆಳ್ಳಿಯ ಮೇಲೆ ಹಿಡಿತ ಇಟ್ಟುಕೊಂಡು, ಸಂತೆಗೆ ಬೇಕಾದ ಕಂಚಿನ ಕಾಸನ್ನು ಬಹುಪಾಲು ಆಯಾ ಗ್ರೀಕ್ ನಗರಗಳಿಗೇ ಬಿಟ್ಟಿತ್ತು. ನಗರಗಳು ಜಾಣತನ ತೋರಿಸಿದವು. ಸಾಮಾನ್ಯವಾಗಿ ಒಂದು ಮುಖದಲ್ಲಿ ಚಕ್ರವರ್ತಿಯ ತಲೆ, ಇನ್ನೊಂದರಲ್ಲಿ ತಮ್ಮೂರ ದೇವರು. ಬರಹ ಲ್ಯಾಟಿನ್ ಅಲ್ಲ, ಗ್ರೀಕ್. ಎಫೆಸಸ್‌ನವರು ತಮ್ಮ ಆರ್ಟೆಮಿಸ್ ದೇವಿಯನ್ನು ಬಿಡಲೇ ಇಲ್ಲ.

ಈಗ ನಮ್ಮ ಮೈಸೂರಿಗೆ ಬನ್ನಿ. ಟಿಪ್ಪುವಿನ ತಾಮ್ರದ ಕಾಸುಗಳ ಮೇಲೆ ಆನೆ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು. ರಾಜ್ಯ ಕಂಪನಿಯ ಅಧೀನವಾದರೂ ಕಾಸಿನ ಮೇಲಿನ ಆನೆ ಹೋಗಲಿಲ್ಲ. ಮುಂದೆ ಅದರ ಜೊತೆ ‘ಶ್ರೀ’ ಬಂತು, ‘ಚಾಮುಂಡಿ’ ಬಂತು, ಆಮೇಲೆ ಆನೆಯ ಜಾಗದಲ್ಲಿ ಸಿಂಹ ನಿಂತಿತು. ಇಪ್ಪತ್ತು ಕಾಸಿನ ನಾಣ್ಯಗಳಲ್ಲಿ ಕನ್ನಡದ ‘ಮಯಿಲಿ ಕಾಸು’, ಇಂಗ್ಲಿಷ್, ಪರ್ಷಿಯನ್ ಮೂರೂ ಕಾಣಸಿಗುತ್ತವೆ.

ವ್ಯತ್ಯಾಸವೂ ಇದೆ. ಗ್ರೀಕ್ ಕಾಸಿನಲ್ಲಿ ಚಕ್ರವರ್ತಿಯ ಮುಖ ಎದ್ದು ಕಾಣುತ್ತೆ. ನಮ್ಮ ಕಾಸಿನಲ್ಲಿ ಬ್ರಿಟಿಷ್ ದೊರೆಯ ಮುಖವೇ ಇಲ್ಲ. ಇರೋದು ಅವರ ಭಾಷೆ ಮಾತ್ರ.

ಆದ್ರೆ ಮುಖ ಇಲ್ಲ ಅಂದಮಾತ್ರಕ್ಕೆ ಹಿಡಿತ ಇಲ್ಲ ಅಂತಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತಗೊಂಡರು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಯ್ತು, 1843ರಲ್ಲಿ ಮುಚ್ಚಿಹೋಯ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ, ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಶುರು ಮಾಡಬಾರದು ಅಂತ ಹಸ್ತಾಂತರದ ಪತ್ರದಲ್ಲೇ ಷರತ್ತು ಹಾಕಿದರು. ಸಿಂಹಾಸನ ವಾಪಸ್ ಬಂತು, ಕಾಸು ಬರಲಿಲ್ಲ. ಬರೀ ಚಿಲ್ಲರೆ ಆಗಿದ್ದಿದ್ರೆ ಷರತ್ತು ಯಾಕೆ ಬೇಕಿತ್ತು?

ನಿಮ್ಮನೆ ಹಳೇ ಪೆಟ್ಟಿಗೇಲಿ ಇಂಥ ತಾಮ್ರದ ಕಾಸು ಸಿಕ್ಕರೆ ಹುಣಸೇಹಣ್ಣು ಹಾಕಿ ತಿಕ್ಕಬೇಡಿ. ಆ ಹುಳಿ ಮೇಲಿನ ಕಂದು ಪದರವನ್ನು ಕರಗಿಸುತ್ತೆ, ಉಜ್ಜಿದಷ್ಟೂ ಅಕ್ಷರ ಸವೆಯುತ್ತೆ. ಒಣಬಟ್ಟೆಯಲ್ಲಿ ಮೆತ್ತಗೆ ಧೂಳು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎರಡು ಶತಮಾನದ ಹಿಂದಿನ ಕನ್ನಡ ಓದೋಕೆ ಸಿಕ್ಕೀತು.